ಒಳಗಿನ ನಾಲ್ಕು ನಟ್ಟು

ಗೆರೆ ಎಳೆದದ್ದು ನಿಜ. ಬಿಗಿ ಮಾಡಿದ ಮೇಲೆ ಎಳೆದದ್ದೋ, ಮೊದಲೇ ಎಳೆದದ್ದೋ ಎಂಬುದು ಮಾತ್ರ ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ. ಕನ್ನಡಿಯ ಮುಂದೆ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿಕೊಂಡವನು ಹಾಗೇ ನಿಂತುಬಿಟ್ಟಿದ್ದ. ನಟ್ಟಿನ ತಲೆಯಿಂದ ಶುರುವಾಗಿ ಪಕ್ಕದ ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಇಳಿದ ನಾಲ್ಕು ಹಳದಿ ಗೆರೆಗಳು ಕಣ್ಣಿಗೆ ಕಟ್ಟಿದಂತಿದ್ದವು. ಬಣ್ಣದ ಪೆನ್ನಿಗೆ ಮುಚ್ಚಳ ಹಾಕಿದ ಟಪ್ ಎಂಬ ಸದ್ದೂ ನೆನಪಿತ್ತು. ಆದರೆ ಅದಕ್ಕೆ ಮೊದಲು, ರೆಂಚು ಹಿಡಿದು ಒತ್ತಿದಾಗ ಇನ್ನು ಸಾಕು ಎಂದು ಅಂಗೈಗೆ ಬಡಿಯುವ ಆ ಸಣ್ಣ ಏಟು, ಆ ಕಟಕ್, ಅದು ಬಂದಿತ್ತೆ? ಬಲಗಡೆಯ ಎರಡು ಚಕ್ರಗಳಲ್ಲಿ ಬಂದಿತ್ತು, ನಾಲ್ಕು ಮತ್ತು ನಾಲ್ಕು, ಎಂಟು. ಎಡಗಡೆ ಮುಂದಿನದರಲ್ಲಿ ಬಂದಿತ್ತು, ಹನ್ನೆರಡು. ಎಡಗಡೆ ಹಿಂದಿನ ಚಕ್ರಕ್ಕೆ ಬರುವ ಹೊತ್ತಿಗೆ ನೆನಪು ಒಂದು ಜೊತೆ ಪಾಲಿಶ್ ಮಾಡಿದ ಕರಿ ಬೂಟುಗಳ ಮುಂದೆ ಬಂದು, ಶಿಕ್ಷೆಗೆ ಕಾದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತುಬಿಡುತ್ತಿತ್ತು.

ಮಂಗಳವಾರ ಮಾಡಿದ ಕೆಲಸ, ಇವತ್ತು ಶುಕ್ರವಾರ. ಮೂರು ದಿನ ಉಂಡು ಮಲಗಿ ಎದ್ದವನಿಗೆ ನಾಲ್ಕನೆಯ ದಿನ ಗಡ್ಡಕ್ಕೆ ನೊರೆ ಹಚ್ಚಿದ ಹೊತ್ತಿನಲ್ಲಿ ಇದು ಯಾಕೆ ಹೊಳೆಯಬೇಕಿತ್ತು? ಒಂದು ಅನುಮಾನಕ್ಕೆ ಮೂರು ದಿನ ತಡವಾಗಿ ಬರುವಷ್ಟು ಸೋಮಾರಿತನ ಇದ್ದರೆ ಅದು ಬಾರದೇ ಇರುವುದೇ ಮರ್ಯಾದೆ. ಬಾಗಿಲ ಹತ್ತಿರ ಹೆಂಡತಿ ಬಂದು ನಿಂತಳು. ಅರ್ಧ ಮುಖ ಯಾರಿಗೆ ತೋರಿಸೋಕೆ ಇಟ್ಕೊಂಡಿದೀರಿ ಎಂದು ಕೇಳಿದಳು. ಅವನು ಬೆರಳು ಮಡಚಿ ಎಣಿಸುತ್ತಿರುವುದನ್ನು ಗಮನಿಸಿ, ಬೆಳಿಗ್ಗೆ ಬೆಳಿಗ್ಗೆ ಏನು ಲೆಕ್ಕ, ಅಂಗಡೀಲಿ ಅಣ್ಣ ಏನಾದ್ರೂ ಅಂದ್ನಾ ಎಂದಳು. ಕಾರಿಗೆ ಚಕ್ರ ಹಾಕುವ ಆ ಅಂಗಡಿ ಅವಳ ಅಣ್ಣನದು. ಈ ಮನೆಯಲ್ಲಿ ಅವನ ಮುಖ ಬಾಡಿದರೆ ಅದಕ್ಕೆ ಒಂದೇ ಕಾರಣ ಇರಲು ಸಾಧ್ಯ ಎಂದು ಅವಳು ತೀರ್ಮಾನಿಸಿ ಎಂಟು ವರ್ಷವಾಗಿತ್ತು. ಇಲ್ಲ ಎಂದ. ಅವಳು ನಂಬಲಿಲ್ಲ. ನಂಬದೇ ಇದ್ದದ್ದು ಅವನಿಗೆ ಅನುಕೂಲವೇ ಆಯಿತು.

ದಾರಿಯುದ್ದಕ್ಕೂ ನಿಂತ ಕಾರುಗಳ ಚಕ್ರ ನೋಡುತ್ತ ನಡೆಯುವುದು ಅವನಿಗೆ ಅಂಟಿದ ಚಟ. ಬೇರೆಯವರು ಮುಖ ನೋಡಿ ಮನುಷ್ಯರನ್ನು ಅಳೆದರೆ ಅವನು ಚಕ್ರ ನೋಡಿ ಅಳೆಯುತ್ತಿದ್ದ, ಅಳೆದಾಗಲೆಲ್ಲ ಅವರು ಒಂದಿಂಚು ಕಡಿಮೆಯೇ ಬರುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಕಟ್ಟಿದವರು ಈ ಅಂಗಡಿಯ ಬಾಗಿಲಲ್ಲಿ ಒಂದು ದಿನ ಕೂತಿದ್ದರೆ ಗಾದೆಯಲ್ಲಿ ಜುಟ್ಟಿನ ಬದಲು ಚಕ್ರ ಇರುತ್ತಿತ್ತು. ಗಾಡಿ ಒಂದು ಕಂಪನಿಯದು, ಆಸೆ ಇನ್ನೊಂದು ಕಂಪನಿಯ ಮೇಲೆ. ಆಸೆಯ ಕಂಪನಿಯ ಗಾಡಿ ಕೊಳ್ಳಲಾಗದವರು ಅದರ ಚಕ್ರ ಮಾತ್ರ ತಂದು ತಮ್ಮದಕ್ಕೆ ತೊಡಿಸಿ ಎನ್ನುತ್ತಾರೆ. ಚಕ್ರದ ತೂತುಗಳು ಗಾಡಿಗೆ ಹೊಂದುವುದಿಲ್ಲ. ಅದಕ್ಕೇ ನಡುವೆ ಅಡಾಪ್ಟರ್: ಹೆಬ್ಬೆರಳು ದಪ್ಪದ ಒಂದು ಅಲ್ಯುಮಿನಿಯಂ ಬಿಲ್ಲೆ. ಅದರ ಒಳಗಿನ ತೂತುಗಳನ್ನು ಗಾಡಿಯ ಸ್ವಂತ ನಟ್ಟುಗಳಿಂದ ಬಿಗಿಯಬೇಕು, ಅದರಿಂದ ಹೊರಗೆ ಚಾಚಿದ ಬೇರೆ, ಬೋಲ್ಟಿನಂಥ ಸ್ಟಡ್ಡುಗಳಿಗೆ ಕಂಡವರ ಚಕ್ರ ಕೂರಿಸಿ ಇನ್ನೊಂದು ಸಲ ಬಿಗಿಯಬೇಕು. ಚಕ್ರ ಕೂತ ಮೇಲೆ ಕಾಣುವುದು ಹೊರಗಿನ ನಟ್ಟುಗಳು ಮಾತ್ರ. ಒಳಗಿನವು ಚಕ್ರದ ಹಿಂದೆ ಮುಚ್ಚಿಹೋಗುತ್ತವೆ, ಚಕ್ರ ಬಿಚ್ಚದೆ ಅವು ಹೇಗಿವೆ ಎಂದು ದೇವರಿಗೂ ತಿಳಿಯದು. ಎರಡು ಕಡೆಯವರಿಗೂ ಸಲ್ಲದೆ ಇಬ್ಬರ ಭಾರವನ್ನೂ ಹೊರುವ ಈ ಬಿಲ್ಲೆಯಂತೆಯೇ ತಾನೂ, ಪದವಿ ಓದಿ ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಕೂತವನು, ಎಂದು ಅವನಿಗೆ ಒಮ್ಮೆ ಹೊಳೆದಿತ್ತು. ಆ ಹೋಲಿಕೆ ಎಷ್ಟು ಹಿತವಾಗಿತ್ತೆಂದರೆ ಅದನ್ನು ಮೂರು ದಿನ ಸವಿದು, ನಾಲ್ಕನೆಯ ದಿನ ತನ್ನ ಮೇಲೇ ಹೇಸಿಗೆಯಾಗಿ ಬಿಟ್ಟಿದ್ದ. ಕಾರಿನ ಬಿಡಿಭಾಗದಲ್ಲಿ ತನ್ನ ಆತ್ಮಚರಿತ್ರೆ ಓದಿಕೊಳ್ಳುವವನಿಗಿಂತ ದೊಡ್ಡ ಲಾಂಛನ ಹಚ್ಚಿಕೊಂಡು ಮೆರೆಯುವವನೇ ವಾಸಿ. ಅವನಾದರೂ ಎಲ್ಲಿಗೋ ಹೋಗುತ್ತಾನೆ.

ಮಂಗಳವಾರ ಬಂದವರು ಕಾಲೇಜಿನಲ್ಲಿ ಅವನಿಗೆ ಫಿಸಿಕ್ಸ್ ಪಾಠ ಹೇಳಿದ್ದ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾಗಿರಬೇಕು. ಬಣ್ಣ ಮಾಸಿದ ಪುಟ್ಟ ಕಾರಿನ ಡಿಕ್ಕಿಯಲ್ಲಿ ಎರಡು, ಹಿಂದಿನ ಸೀಟಿನಲ್ಲಿ ಹಳೆಯ ಹೊದಿಕೆ ಸುತ್ತಿ ಎರಡು, ಹೀಗೆ ನಾಲ್ಕು ಚಕ್ರ ತಂದಿದ್ದರು. ಅಳಿಯ ದೊಡ್ಡ ಗಾಡಿಗೆ ಹೊಸ ಚಕ್ರ ಹಾಕಿಸಿಕೊಂಡು ಇವನ್ನು ಮೂಲೆಗೆ ಎಸೆದಿದ್ದನಂತೆ, ಸುಮ್ಮನೆ ಹಾಳಾಗುತ್ತವಲ್ಲ ಎಂದು ತಾವೇ ತಂದರಂತೆ. ಅಳಿಯ ಬಿಟ್ಟದ್ದನ್ನು ಮಾವ ತೊಡುವ ಕಾಲ ಬಂತು ಎಂದು ಅವನು ಮನಸ್ಸಿನಲ್ಲೇ ನಕ್ಕಿದ್ದ. ಇವರದು ನಾಲ್ಕು ತೂತಿನ ಗಾಡಿ, ತಂದದ್ದು ಐದು ತೂತಿನ ಚಕ್ರ. ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಬೆಟ್ಟದ ಆಚೆಗಿರುವ ಮಗಳ ಮನೆಗೆ ಹೋಗಬೇಕು, ಅಷ್ಟರೊಳಗೆ ಆಗಬೇಕು ಎಂದಿದ್ದರು. ಅಳಿಯನ ಮನೆಯ ಮುಂದೆ ಅಳಿಯನ ಚಕ್ರದ ಮೇಲೆಯೇ ಹೋಗಿ ಇಳಿಯುವ ಆ ಗಳಿಗೆಗಾಗಿ ಈ ಮನುಷ್ಯ ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದಾರೋ. ಭಾವ ಗಲ್ಲಾದಿಂದ ಎದ್ದು ಬಂದು, ನಮ್ಮಲ್ಲಿ ಬಿಗಿದ ಗುರುತಿನ ಹಳದಿ ಗೆರೆ ಇಲ್ಲದ ನಟ್ಟು ರಸ್ತೆಗೆ ಇಳಿಯಲ್ಲ ಸರ್, ಅದು ನಮ್ಮ ಡಿಗ್ರಿ ಮಾಡಿದ ರೂಲು, ಅವನು ನೋಡಿ, ನಿಮ್ಮ ಫಿಸಿಕ್ಸೇ ಓದಿದವನು, ಎಂದು ಅವನತ್ತ ಕೈ ತೋರಿಸಿದ್ದ. ಡಿಗ್ರಿ ಎಂಬುದು ಅಂಗಡಿಯಲ್ಲಿ ಅವನ ಹೆಸರು. ಮೇಷ್ಟ್ರು ತಿರುಗಿ ನೋಡಿದರು. "ಹೌದೇನಪ್ಪ, ಒಳ್ಳೇದು," ಎಂದರು. ಅಷ್ಟೇ. ಆಮೇಲೆ ಜ್ಯಾಕಿನ ಬಗ್ಗೆ ಕೇಳಿದರು.

ಒಳ್ಳೇದು. ಹದಿನೇಳು ವರ್ಷ ಅವನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಜಗಳಕ್ಕೆ ಎದುರಾಳಿಯಿಂದ ಬಂದ ಉತ್ತರ ಇದು. ಪ್ರಯೋಗಶಾಲೆಯಲ್ಲಿ ದಾರಕ್ಕೆ ಕಟ್ಟಿದ ಗುಂಡು ಅತ್ತಿತ್ತ ತೂಗುತ್ತಿತ್ತು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಬರೆಯಬೇಕಿತ್ತು, ಅವನು ಹತ್ತೊಂಬತ್ತಕ್ಕೇ ಗಡಿಯಾರ ನಿಲ್ಲಿಸಿದ್ದ. ಯಾರು ಬೇಕಾದರೂ ಮಾಡುವ ತಪ್ಪು. ಮೇಷ್ಟ್ರು ಅವನನ್ನು ಸ್ಟೂಲಿನ ಮೇಲೆ ಹತ್ತಿಸಿ, ಗುಂಡನ್ನು ಮತ್ತೆ ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಎಣಿಸು ಎಂದಿದ್ದರು. ಇಪ್ಪತ್ತರವರೆಗೆ ಎಣಿಸೋಕೆ ಬರದವನು ಇಲ್ಲಿಗೆ ಯಾಕಪ್ಪ ಬಂದೆ? ಹನ್ನೆರಡಕ್ಕೆ ಅವನ ಗಂಟಲು ಒಡೆದಿತ್ತು, ಹದಿಮೂರರಿಂದ ತರಗತಿಯೇ ರಾಗವಾಗಿ ಎಣಿಸಿತ್ತು. ಅಂದಿನಿಂದ ಅವನು ಮೆಟ್ಟಿಲು ಎಣಿಸುತ್ತಾನೆ, ತುತ್ತು ಎಣಿಸುತ್ತಾನೆ, ಹೆಂಡತಿ ನಿಟ್ಟುಸಿರು ಬಿಟ್ಟರೆ ಅದನ್ನೂ ಎಣಿಸುತ್ತಾನೆ. ಅವನ ಬದುಕನ್ನೇ ಎಣಿಕೆಯಾಗಿ ಮಾಡಿದ ಮನುಷ್ಯನಿಗೆ ಅವನ ಮುಖವೇ ನೆನಪಿಲ್ಲ. ಗುರುತು ಹಿಡಿದಾರು ಎಂಬ ಭಯದಲ್ಲಿ ತಲೆ ತಗ್ಗಿಸಿ ಕೆಲಸಕ್ಕೆ ಕೂತವನು, ಅರ್ಧ ಗಂಟೆ ಕಳೆಯುವುದರೊಳಗೆ ಗುರುತು ಹಿಡಿಯುತ್ತಿಲ್ಲವಲ್ಲ ಎಂಬ ಸಿಟ್ಟಿನಲ್ಲಿ ತಲೆ ತಗ್ಗಿಸಿದ್ದ. ನೋಡುವವರಿಗೆ ಎರಡೂ ಒಂದೇ ಭಂಗಿ.

ಎಡಗಡೆ ಹಿಂದಿನ ಅಡಾಪ್ಟರನ್ನು ಕೂರಿಸಿ ನಾಲ್ಕು ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ತಾಕಿಸಿದ್ದ, ಅದು ಚೆನ್ನಾಗಿ ನೆನಪಿದೆ. ಆಗ ಮೇಷ್ಟ್ರ ಬೂಟುಗಳು ಬಂದವು. ಮೇಲೆ ನೋಡಬಾರದೆಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ಸಿಕ್ಕಿದ್ದು ಪೆನ್ನು. ಪೆನ್ನು ಕೈಗೆ ಬಂದ ಮೇಲೆ ಕೈ ತನ್ನ ಕೆಲಸ ಮಾಡಿತು, ಗೆರೆ ಎಳೆಯಿತು. ಮೇಷ್ಟ್ರು ಚಕ್ರದ ನಡುವಿನ ಮುಚ್ಚಳವನ್ನು, ಅದರ ಮೇಲಿನ ದೊಡ್ಡ ಕಂಪನಿಯ ಲಾಂಛನವನ್ನು ಬೆರಳಿಂದ ಒರೆಸುತ್ತ, "ಇದು ನೆಟ್ಟಗೆ ಕೂರಬೇಕಪ್ಪ. ಗಾಡಿ ನಿಂತಾಗ ತಲೆಕೆಳಗಾಗಿ ಕಾಣಬಾರದು," ಎಂದರು. ಚಕ್ರ ತಿರುಗುತ್ತಲ್ಲ ಸರ್ ಎಂದು ಅವನು ಬೂಟುಗಳಿಗೆ ಹೇಳಿದ. "ತಿರುಗುತ್ತೆ ಅಂತ ನಂಗೂ ಗೊತ್ತು. ಶುರುನಲ್ಲಾದ್ರೂ ನೆಟ್ಟಗಿರಲಿ." ಮೂವತ್ತು ವರ್ಷ ವೃತ್ತಾಕಾರದ ಚಲನೆಯನ್ನು ಪಾಠ ಹೇಳಿದ ಬಾಯಿ. ಆ ಮಾತಿನ ತಮಾಷೆ ಅವನನ್ನು ಎಷ್ಟು ಆವರಿಸಿತೆಂದರೆ, ಇದನ್ನು ಯಾರಿಗಾದರೂ ಹೇಳಬೇಕು, ಯಾರಿಗೆ ಹೇಳಲಿ, ಹೇಳಿಕೊಳ್ಳಲು ಒಬ್ಬನೂ ಇಲ್ಲವಲ್ಲ ಎಂದು ಯೋಚಿಸುತ್ತಲೇ ಚಕ್ರ ಎತ್ತಿ ಕೂರಿಸಿ, ಲಾಂಛನವನ್ನು ನೆಟ್ಟಗೆ ತಿರುಗಿಸಿ, ಹೊರಗಿನ ಐದು ನಟ್ಟುಗಳನ್ನು ಬೇಕೆಂದೇ ಜೋರಾಗಿ ಕಟಕ್ ಎನ್ನಿಸಿ ಬಿಗಿದಿದ್ದ. ಆ ಐದು ಕಟಕ್ ನೆನಪಿವೆ. ಒಳಗಿನ ನಾಲ್ಕು ನೆನಪಿಲ್ಲ.

ಅಂಗಡಿಯಲ್ಲಿ ಗನ್ನಣ್ಣ ಆಗಲೇ ಒಂದು ಗಾಡಿಯನ್ನು ಎತ್ತಿ ನಿಲ್ಲಿಸಿದ್ದ. ಯಾವ ನಟ್ಟನ್ನೂ ಗಾಳಿಯ ಗನ್ನಿನಿಂದಲೇ ಬಿಚ್ಚಿ ಗನ್ನಿನಿಂದಲೇ ಬಿಗಿಯುತ್ತಿದ್ದ ಹಳೆಯ ಕೈ ಅದು, ರೆಂಚು ಹಿಡಿಸಿದ್ದು ಇವನು. ರೆಂಚು ಬಂದ ಹೊಸತರಲ್ಲಿ ಗನ್ನಣ್ಣ ಸಮಯ ಉಳಿಸಲು ಎಲ್ಲ ನಟ್ಟಿಗೂ ಮೊದಲೇ ಗೆರೆ ಎಳೆದು ಆಮೇಲೆ ಬಿಗಿಯಲು ಹೊರಟಿದ್ದ. ಆಗ ಇವನು ಗಿರಾಕಿಗಳ ಮುಂದೆಯೇ, ತನಗಿಂತ ಹದಿನೈದು ವರ್ಷ ದೊಡ್ಡವನಿಗೆ, "ಗೆರೆ ಅಂದ್ರೆ ಸಾಕ್ಷಿ ಕಣಣ್ಣ. ಸಾಕ್ಷಿ ಮೊದ್ಲು ಹೇಳಿ ಆಮೇಲೆ ಕೊಲೆ ಮಾಡ್ತಾರಾ?" ಎಂದಿದ್ದ. ಎಲ್ಲರೂ ನಕ್ಕಿದ್ದರು, ಭಾವ ತೊಡೆ ತಟ್ಟಿಕೊಂಡು ನಕ್ಕಿದ್ದ. ಆ ನಗುವಿನ ನಡುವೆ ತನ್ನ ದನಿಯಲ್ಲಿ ಮೇಷ್ಟ್ರ ದನಿ ಕೇಳಿಸಿದ್ದು ಅವನಿಗೊಬ್ಬನಿಗೆ ಮಾತ್ರ. ಕೇಳಿಸಿ ಸಂತೋಷವೇ ಆಗಿತ್ತು. ಈಗ ಹತ್ತಿರ ಹೋಗಿ, ಮಂಗಳವಾರ ಆ ಪುಟ್ಟ ಕಾರನ್ನು ಕೆಳಗಿಳಿಸಿದ್ದು ನೀನೇ ತಾನೆ ಎಂದು ಕೇಳಿದ.

"ಇಳಿಸಿದ್ದು ನಾನು. ಬಿಗಿದಿದ್ದು ನೀನು. ಯಾಕೆ?"

"ಸುಮ್ನೆ ಕೇಳ್ದೆ."

"ಗೆರೆ ಇತ್ತಲ್ಲ," ಎಂದ ಗನ್ನಣ್ಣ, ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕದೆ. "ಗೆರೆ ಇದ್ಮೇಲೆ ಮುಗೀತು."

ಕುಹಕವೋ ಸರಳತೆಯೋ ತಿಳಿಯಲಿಲ್ಲ. ಬೇರೆಯವರ ಸರಳತೆಯನ್ನು ನಂಬುವ ಅಭ್ಯಾಸ ಅವನಿಗೆ ತಪ್ಪಿ ಬಹಳ ದಿನವಾಗಿತ್ತು. ಕೆಲಸದ ವಿವರ ಬರೆದ ಜಾಬ್ ಕಾರ್ಡಿನಲ್ಲಿ ಮೇಷ್ಟ್ರ ಫೋನ್ ನಂಬರಿತ್ತು. ಹೇಗೂ ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಂದು ಎಲ್ಲ ನಟ್ಟು ಮತ್ತೆ ಬಿಗಿ ಮಾಡಿಸಿಕೊಂಡು ಹೋಗಿ ಎಂದು ಆ ಕಾರ್ಡಿನ ಕೆಳಗೇ ಅಚ್ಚಾಗಿದೆ, ಯಾರೂ ಬರುವುದಿಲ್ಲ, ಅದನ್ನು ನೆನಪಿಸಲು ಫೋನ್ ಮಾಡಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ತಪ್ಪೊಪ್ಪಿಗೆಯ ಅಗತ್ಯವೇ ಇಲ್ಲದ ತಪ್ಪು. ಇಷ್ಟು ಹಗುರವಾಗಿ ಬಿಡುಗಡೆ ಸಿಗುವುದಾದರೆ ಬೆಳಗಿನಿಂದ ತಾನು ಪಟ್ಟ ಸಂಕಟ ಯಾವ ನಾಟಕಕ್ಕೆ ಎಂದು ಒಳಗಿನಿಂದ ಯಾರೋ ಕೇಳಿದರು. ಅವನು ನಂಬರು ಒತ್ತಿದ.

ಫೋನ್ ಎತ್ತಿದ್ದು ಮೇಷ್ಟ್ರ ಹೆಂಡತಿ. ಅಂಗಡಿಯಿಂದ ಎಂದು ಹೇಳಿದ ಕೂಡಲೇ ಆಕೆಯ ದನಿ ಸಣ್ಣಗಾಯಿತು. ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

"ನೀವೇ ಮಾಡಿದ್ದೇನಪ್ಪ? ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ಒಂದು ಸದ್ದು ಬರ್ತಾ ಇದೆ. ಎಡಗಡೆ, ಹಿಂದಿನ ಚಕ್ರದಿಂದ. ಚಕ್ರ ಒಂದು ಸುತ್ತು ಬಂದ್ರೆ ಒಂದೇ ಸಲ. ಜೋರೇನಿಲ್ಲ, ತಂತಿ ಮೀಟಿ ತಕ್ಷಣ ಬೆರಳಿಟ್ಟು ಅದುಮಿದ ಹಾಗೆ."

ಆಕೆ ಮಾತು ಮುಂದುವರಿಸಿದರು. ನಿನ್ನೆ ಮೊನ್ನೆ ಎರಡು ದಿನವೂ ಕೇಳಿಸಿತಂತೆ. ಯಜಮಾನರು ಮೂರು ಸಲ ಗಾಡಿ ನಿಲ್ಲಿಸಿ ಇಳಿದು ನೋಡಿ, ಏನೂ ಇಲ್ಲ ಎಂದು ರೇಗಿದರಂತೆ. ತಾವು ಮಕ್ಕಳಿಗೆ ಪಿಟೀಲು ಪಾಠ ಹೇಳುವವರು, ಮೂವತ್ತೆಂಟು ವರ್ಷದಿಂದ. ಕಿವಿ ಕೆಟ್ಟಿದೆ ನಿಂಗೆ, ಇಲ್ಲದ್ದು ಕೇಳಿಸ್ತಾ ಇದೆ, ವಯಸ್ಸಾದವರಿಗೆ ಹಾಗಾಗುತ್ತೆ ಎಂದು ಯಜಮಾನರು ಹೇಳಿ ಸೋಮವಾರಕ್ಕೆ ಕಿವಿ ಡಾಕ್ಟರ ಹತ್ತಿರ ಸಮಯ ಗೊತ್ತು ಮಾಡಿದ್ದಾರಂತೆ. ಕೆಟ್ಟ ಕಿವಿ ಇಟ್ಕೊಂಡು ಬೇರೆಯವರ ಮಕ್ಕಳಿಗೆ ಕಲಿಸೋದು ಮೋಸ, ಪಾಠ ನಿಲ್ಲಿಸು ಎಂದರಂತೆ. "ನಂಗೂ ಈಗ ಅನುಮಾನಾನಪ್ಪ. ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ನಂಗೆ ಅಷ್ಟು ಗೊತ್ತಾದ್ರೆ ಸಾಕು."

ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು. ಯಾರಪ್ಪ ಎಂದ ಮೇಷ್ಟ್ರ ದನಿಗೆ ಹದಿನೇಳು ವರ್ಷದಲ್ಲಿ ಒಂದು ಸುಕ್ಕೂ ಬಿದ್ದಿರಲಿಲ್ಲ. ಅವನು ಕಾರ್ಡಿನಲ್ಲಿ ಅಚ್ಚಾಗಿದ್ದನ್ನು ಓದಿದಂತೆ ಹೇಳಿದ. ಅದಕ್ಕೆ ಮೇಷ್ಟ್ರು, ಅದೆಲ್ಲ ಬೇಡ, ನನ್ನ ಹತ್ರವೇ ಒಳ್ಳೇ ಪಾನಾ ಇದೆ, ನಿನ್ನೆ ಇವಳ ಕಾಟಕ್ಕೆ ಎಲ್ಲ ನಟ್ಟೂ ನಾನೇ ಬಿಗಿ ಮಾಡಿದೀನಿ, ಇಪ್ಪತ್ತಕ್ಕೆ ಇಪ್ಪತ್ತು, ಎಂದರು. ಹೊರಗೆ ಕಾಣುವ ಇಪ್ಪತ್ತು. ಇಪ್ಪತ್ತರ ಹಿಂದೆ ಇನ್ನೂ ಹದಿನಾರು ಇವೆ ಸರ್ ಎಂದು ಹೇಳಬೇಕಿದ್ದ ಗಳಿಗೆ ಅದು. ಎಷ್ಟು ವರ್ಷ ಕಾದಿದ್ದರೂ ಇದಕ್ಕಿಂತ ರುಚಿಯಾದ ಗಳಿಗೆ ಸಿಗುತ್ತಿರಲಿಲ್ಲ: ಎಣಿಕೆ ತಪ್ಪಿರುವುದು ನಿಮ್ಮದು ಸರ್. ಆದರೆ ಅದರ ಬೆನ್ನಿಗೇ ಮುಂದಿನ ಮಾತು ನಿಂತಿತ್ತು, ಮತ್ತು ಹದಿನಾರರಲ್ಲಿ ನಾಲ್ಕನ್ನು ನಾನು ಎಣಿಸಲು ಮರೆತೆ. ಒಂದನ್ನು ಹೇಳಿದರೆ ಇನ್ನೊಂದೂ ಬಾಯಿಂದ ಜಾರುತ್ತದೆ. ಕೊನೆಗೆ ಅವನು, ಇದು ಅಂಗಡಿ ನಿಯಮ ಸರ್, ನಾವೇ ನೋಡ್ಬೇಕು, ನಾನೇ ಮನೆಗೆ ಬರ್ತೀನಿ, ನೋಡೋವರೆಗೂ ಗಾಡಿ ತೆಗೀಬೇಡಿ ಎಂದು ಹಲ್ಲು ಕಚ್ಚಿ ಹೇಳಿ ಫೋನ್ ಇಟ್ಟ. ಭಾವನಿಗೆ ಹೇಳಿದಾಗ ಅವನು, ಮನೆಮನೆಗೆ ಹೋಗಿ ನಟ್ಟು ಬಿಗಿಯೋಕೆ ನಾವೇನು ಸೂಲಗಿತ್ತಿಯರಾ ಎಂದು ಗೊಣಗಿ, ಊಟದ ಹೊತ್ತಿಗೆ ಹೋಗಿ ಬಾ ಎಂದ.

ಮೇಷ್ಟ್ರ ಮನೆ ಗಿಡ್ಡ ಗೇಟಿನದು, ಅಂಗಳದಲ್ಲಿ ಸಿಮೆಂಟು, ಗೋಡೆಗೆ ಒರಗಿಸಿದ ನಾಲ್ಕು ಹಳೆಯ ಚಕ್ರ. ಪುಟ್ಟ ಕಾರು ದೊಡ್ಡ ಚಕ್ರದ ಮೇಲೆ, ಅಪ್ಪನ ಚಪ್ಪಲಿಯಲ್ಲಿ ಕಾಲಿಟ್ಟ ಮಗುವಿನಂತೆ ನಿಂತಿತ್ತು. ಒಂದು ಲಾಂಛನವೂ ನೆಟ್ಟಗಿರಲಿಲ್ಲ. ಮೇಷ್ಟ್ರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತರು. ಆಕೆ ಜಗಲಿಯ ಕಂಬದ ಹತ್ತಿರ, ಮಡಿಲಲ್ಲಿ ಮುಚ್ಚಿದ ಪಿಟೀಲಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು, ಯಾರೋ ಬಂದು ಕೊಂಡೊಯ್ಯಲಿ ಎಂದು ಕಾಯುವವರ ಹಾಗೆ. ಅವನು ಬಲಗಡೆಯಿಂದ ಶುರು ಮಾಡಿದ. ತಾನು ಹುಡುಕುತ್ತಿರುವುದು ಎಲ್ಲಿದೆಯೆಂದು ಗೊತ್ತಿದ್ದವನು ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಚಕ್ರ ಬಿಚ್ಚಿ ಒಳಗಿನ ನಾಲ್ಕಕ್ಕೂ ರೆಂಚು ಹಾಕಿದ, ಹಾಕುತ್ತಿದ್ದಂತೆಯೇ ಕಟಕ್. ಕಟಕ್, ಕಟಕ್, ಕಟಕ್. ಎಲ್ಲ ಗೆರೆಗಳೂ ನೆಟ್ಟಗಿದ್ದವು. ಇನ್ನೊಂದು ಚಕ್ರ, ಮತ್ತೊಂದು. ಮೇಷ್ಟ್ರು ಕೂತಲ್ಲಿಂದಲೇ, ಹಿಡಿ ಉದ್ದವಿದ್ದಷ್ಟೂ ಕಡಿಮೆ ಬಲ ಸಾಕು, ಗೊತ್ತೇನಪ್ಪ, ಬಲ ಗುಣಿಸು ದೂರ, ಎಂದು ವಿವರಿಸಿದರು. ಅವನು ಹೂಂಗುಟ್ಟಿದ. ಎಡಗಡೆ ಹಿಂದಿನ ಚಕ್ರಕ್ಕೆ ಬಂದಾಗ ಅವರು ಕನ್ನಡಕ ಒಳಗೇ ಬಿಟ್ಟೆ ಎಂದು ಎದ್ದುಹೋದರು. ದೇವರಿದ್ದಾನೆ ಎಂದುಕೊಂಡ, ತನ್ನಂಥವರಿಗಾಗಿಯೇ ಇರುವ ಒಬ್ಬ ಚಿಲ್ಲರೆ ದೇವರು.

ಚಕ್ರ ಎಳೆದು ಪಕ್ಕಕ್ಕಿಟ್ಟ. ನಾಲ್ಕು ಗೆರೆಗಳೂ ಮುರಿದಿದ್ದವು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಬಿಲ್ಲೆಯ ಮೇಲಿನ ತುಂಡು ಇನ್ನೊಂದು ಕಡೆ. ಒಂದರಲ್ಲಿ ನಟ್ಟು ಅರ್ಧ ಸುತ್ತು ತಿರುಗಿ ಹೋಗಿತ್ತು. ಬೆರಳಿಟ್ಟು ತಿರುಗಿಸಿದ, ತಿರುಗಿತು, ಬಾಟಲಿಯ ಮುಚ್ಚಳದಷ್ಟು ಸಲೀಸಾಗಿ. ಅಡಾಪ್ಟರನ್ನು ಅಂಗೈಯಿಂದ ತಳ್ಳಿದ. ಅದು ಕೂದಲೆಳೆಯಷ್ಟು ಜರುಗಿ ಟಕ್ ಎಂದಿತು. ಜಗಲಿಯಲ್ಲಿ ಆಕೆ ತಲೆ ಎತ್ತಿದರು. ನಾಳೆ ಬೆಳಿಗ್ಗೆ, ಬೆಟ್ಟದ ರಸ್ತೆ, ತಿರುವಿನ ಮೇಲೆ ತಿರುವು. ಅವನ ಮೈ ಬೆವರಿತು, ಆದರೆ ಆ ಬೆವರಿನಲ್ಲಿ ಅವರಿಬ್ಬರ ಬಗ್ಗೆ ಇದ್ದದ್ದು ಎಷ್ಟು, ಕನ್ನಡಕ ಹುಡುಕಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದರ ಬಗ್ಗೆ ಇದ್ದದ್ದು ಎಷ್ಟು ಎಂದು ಅಳೆಯಲು ಅವನು ಧೈರ್ಯ ಮಾಡಲಿಲ್ಲ. ಸ್ಟಡ್ಡುಗಳ ಎಳೆ ನೋಡಿದ, ಬಿಲ್ಲೆಯ ತೂತುಗಳನ್ನು ನೋಡಿದ. ಯಾವುದೂ ಕೆಟ್ಟಿರಲಿಲ್ಲ. ಕಾರಿಗೂ ಆಕೆಗೂ ನಡುವೆ ಬೆನ್ನು ಅಡ್ಡ ಕೊಟ್ಟು ಕೂತು ರೆಂಚು ಹಾಕಿದ. ನಟ್ಟು ತಿರುಗಿತು, ಮತ್ತೆ ತಿರುಗಿತು, ಕಿರ್ರೆಂದಿತು, ಎಷ್ಟೋ ಹೊತ್ತಿನ ಮೇಲೆ ಕಟಕ್. ಎರಡನೆಯದೂ ಹಾಗೇ. ಮೂರನೆಯದು, ನಾಲ್ಕನೆಯದು. ಜೇಬಿನಿಂದ ಬಟ್ಟೆ ತೆಗೆದು, ಚೀಲದಲ್ಲಿದ್ದ ಶೀಸೆಯಿಂದ ಸ್ವಲ್ಪ ಪೆಟ್ರೋಲು ಹಾಕಿ ಮುರಿದ ಗೆರೆಗಳನ್ನು ಒರೆಸಿದ. ಹಳದಿ ಹೋಗಲು ಹಟ ಮಾಡಿತು, ಉಗುರಿನಿಂದ ಕೆರೆದ. ಹೊಸ ಗೆರೆ ಎಳೆದ. ಬಿಗಿದ ಮೇಲೆ ಎಳೆದ ಗೆರೆ, ಈ ಸಲ ನಿಯಮಕ್ಕೆ ಸರಿಯಾಗಿ. ಅಷ್ಟು ಸುಳ್ಳಾದ ಗೆರೆಯನ್ನು ಅವನು ಹಿಂದೆಂದೂ ಎಳೆದಿರಲಿಲ್ಲ.

"ಏನಪ್ಪ," ಎಂದರು ಆಕೆ. ಯಾವಾಗ ಎದ್ದು ಬಂದಿದ್ದರೋ, ಬೆನ್ನ ಹಿಂದೆ ನಿಂತಿದ್ದರು. "ಆ ಮೂರು ಚಕ್ರಕ್ಕೆ ನೀವು ಹಾಕ್ತಾ ಇದ್ದ ಹಾಗೇ ಸದ್ದು ಬಂತು. ಇದಕ್ಕೆ ತಡವಾಗಿ ಬಂತಲ್ಲ? ನಾಲ್ಕಕ್ಕೂ ತಡವಾಯ್ತು."

ಅವನು ತಿರುಗಿ ನೋಡಿದ. ಮುಖದಲ್ಲಿ ಆರೋಪ ಇರಲಿಲ್ಲ. ಆರೋಪವಿದ್ದಿದ್ದರೆ ಅವನು ಗಟ್ಟಿಯಾಗುತ್ತಿದ್ದ, ಬಹುಶಃ ನಿಜವನ್ನೇ ಎದುರು ಎಸೆಯುತ್ತಿದ್ದ. ಇದ್ದದ್ದು ಒಂದು ಬೇಡಿಕೆ ಮಾತ್ರ, ಇಷ್ಟು ಸಣ್ಣದು: ಹೌದು ಎನ್ನಿ. ಒಳಗಿನಿಂದ ಚಪ್ಪಲಿ ಎಳೆಯುತ್ತ ಬರುವ ಸದ್ದು ಕೇಳಿಸಿತು. ಅವನ ಬಾಯಿ ಮಾತಾಡಿತು.

"ಇಲ್ಲಮ್ಮ. ಎಲ್ಲ ಒಂದೇ ಥರ ಬಂತು."

ಆಕೆ ತಲೆಯಾಡಿಸಿದರು. ಒಂದು ಹೆಜ್ಜೆ ಹಿಂದೆ ಸರಿದು, ಹಾಗೋ, ಎಂದರು. ಕಲಿಯಲು ಬಂದ ಮಗು ತಪ್ಪು ಸ್ವರ ನುಡಿಸಿದಾಗ ತಾಳ್ಮೆಯಿಂದ ಹೇಳುವ "ಹಾಗೋ" ಅದೇ ಇದ್ದಿರಬೇಕು, ಆದರೆ ಈ ಸಲ ತಪ್ಪನ್ನು ಅವರು ತಮ್ಮ ಕಡೆಗೆ ಹಾಕಿಕೊಂಡರು. ಕನ್ನಡಕ ಹಾಕಿಕೊಂಡು ಬಂದ ಮೇಷ್ಟ್ರು ಬಗ್ಗಿ ಹೊಸ ಗೆರೆಗಳನ್ನು ನೋಡಿ, ಕೆಲಸ ಅಂದ್ರೆ ಹೀಗಿರಬೇಕು, ಎಂದು ಮೆಚ್ಚಿದರು. ಒಬ್ಬ ಶಿಷ್ಯನಾದರೂ ಹೀಗೆ ಅಚ್ಚುಕಟ್ಟಾಗಿದ್ದಿದ್ದರೆ, ಎಂದೂ ಸೇರಿಸಿದರು. ಈ ಮಾತಿಗಾಗಿ ಒಂದು ಕಾಲದಲ್ಲಿ ಅವನು ಒಂದು ಕೈ ಕೊಡಲೂ ತಯಾರಿದ್ದ. ಈಗ ಅದು ಬಾಯಿಗೆ ಬಂದ ಪೆಟ್ರೋಲಿನ ಹನಿಯಂತಿತ್ತು, ಉಗಿಯಲೂ ಆಗದು, ನುಂಗಲೂ ಆಗದು.

ಅವನು ಚಕ್ರ ಕೂರಿಸಿ ಬಿಗಿದ ಮೇಲೆ, ಒಂದು ಸುತ್ತು ಹೋಗಿ ನೋಡೋಣ ಎಂದು ಮೇಷ್ಟ್ರೇ ಹೊರಡಿಸಿದರು. ಹೆಂಡತಿಯನ್ನು ಬೇಕೆಂದೇ ಹಿಂದಿನ ಸೀಟಿನಲ್ಲಿ ಎಡಗಡೆಗೆ, ಆ ಚಕ್ರದ ಮೇಲೆಯೇ ಕೂರಿಸಿದರು. ಅವನು ಮುಂದೆ ಕೂತ. ಕಾರು ಗೇಟು ದಾಟಿ, ಅಂಚೆ ಪೆಟ್ಟಿಗೆ ದಾಟಿ, ಒಗೆದ ಬಟ್ಟೆ ನೇತುಹಾಕಿದ ಮನೆಗಳ ಸಾಲು ದಾಟಿ ಓಡಿತು. ಮೇಷ್ಟ್ರು ಕಿಟಕಿ ಇಳಿಸಿ, ಗೆಲ್ಲಲಿರುವವರ ಠೀವಿಯಲ್ಲಿ ನಿಧಾನವಾಗಿ ಓಡಿಸಿದರು. ಅವನು ಕನ್ನಡಿಯಲ್ಲಿ ಆಕೆಯನ್ನು ನೋಡುತ್ತಿದ್ದ. ಆಕೆ ಕಣ್ಣು ಮುಚ್ಚಿ, ಕತ್ತು ಒಂದಿಷ್ಟು ವಾಲಿಸಿ ಕೇಳುತ್ತಿದ್ದರು, ಇಡೀ ಮೈಯಿಂದ ಕೇಳುತ್ತಿದ್ದರು. ಬರಲಿ ಎಂದು ಅವನೂ ಬೇಡಿದ, ಎಲ್ಲಿಂದಾದರೂ ಒಂದು ಸದ್ದು ಬರಲಿ, ಬಾಗಿಲು ಕಿರುಗುಡಲಿ, ಕಲ್ಲು ಸಿಡಿಯಲಿ. ತನ್ನ ಕೆಲಸ ಈ ಸಲ ಎಷ್ಟು ಚೆನ್ನಾಗಿತ್ತೆಂದರೆ ಚಕ್ರ ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು.

ಗೇಟಿನ ಮುಂದೆ ನಿಲ್ಲಿಸಿ ಮೇಷ್ಟ್ರು ಹಿಂದೆ ತಿರುಗಿದರು. "ಏನಾದ್ರೂ ಕೇಳಿಸ್ತಾ?"

ಆಕೆ ಕಣ್ಣು ತೆರೆದರು. "ಇಲ್ಲ."

"ನೋಡಿದ್ಯಾ. ನಿನ್ನೇನೂ ಇರ್ಲಿಲ್ಲ, ಮೊನ್ನೇನೂ ಇರ್ಲಿಲ್ಲ." ಆಮೇಲೆ ಪಕ್ಕದ ಸೀಟಿನಲ್ಲಿದ್ದ ಅವನತ್ತ ಅರ್ಧ ತಿರುಗಿ, ನ್ಯಾಯಾಲಯದಲ್ಲಿ ತಜ್ಞನನ್ನು ಕರೆದಂತೆ, "ಏನಪ್ಪ, ಬಿಚ್ಚಿ ನೋಡಿದೋನು ನೀನು. ಏನಾದ್ರೂ ದೋಷ ಇತ್ತಾ?"

"ಎಲ್ಲ ಸರಿಯಾಗೇ ಇತ್ತು ಸರ್."

ಸೋಮವಾರ ಡಾಕ್ಟರು ಏನಂತಾರೋ ನೋಡೋಣ, ಎಂದು ಮೇಷ್ಟ್ರು ಹಗುರಾಗಿ ಇಳಿದು ಲಾಂಛನ ಒರೆಸಲು ಬಟ್ಟೆ ತರಲು ಹೋದರು. ಆಕೆ ಇಳಿದು ಜಗಲಿಗೆ ನಡೆದರು. ಅವನು ಜ್ಯಾಕು, ರೆಂಚು, ಪಾನಾ ಎಲ್ಲ ಚೀಲಕ್ಕೆ ತುಂಬುತ್ತ ನಿಂತ, ತುಂಬಿದ್ದನ್ನೇ ತೆಗೆದು ಮತ್ತೆ ತುಂಬಿದ. ಆಕೆ ಪೆಟ್ಟಿಗೆ ತೆರೆದು ಪಿಟೀಲನ್ನು ಹೊರಗೆ ತೆಗೆದರು. ನುಡಿಸಲಿಲ್ಲ. ಬಹಳ ದಿನ ಮುಟ್ಟದೇ ಇಡುವಾಗ ಮಾಡುವಂತೆ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದರು, ಮೃದುವಾದ ಬಟ್ಟೆಯಲ್ಲಿ ಸುತ್ತಿದರು, ಪೆಟ್ಟಿಗೆ ಮುಚ್ಚಿದರು. ಅವನು ನಿಂತಿರುವುದನ್ನು ಕಂಡು, ಬಿಸಿಲಲ್ಲಿ ಬಂದಿದೀರಿ, ನೀರು ಕುಡಿದು ಹೋಗಿ, ಎಂದರು. ಅವನು ಕುಡಿದ. ಲೋಟ ಕೊಡುವಾಗ ಇಬ್ಬರ ನಡುವೆ ಒಂದು ಮೊಳದ ಅಂತರವೂ ಇರಲಿಲ್ಲ, ಮೇಷ್ಟ್ರು ಒಳಗೆ ದೂರದಲ್ಲಿ ಬಟ್ಟೆ ಸಿಗದೆ ಗೊಣಗುತ್ತಿದ್ದರು, ಒಂದು ಪಿಸುಮಾತು ಸಾಕಿತ್ತು.

ಎಡಗಡೆ ಹಿಂದಿನ ಚಕ್ರದ ಒಳಗಿನ ನಾಲ್ಕು ನಟ್ಟುಗಳೂ ಸಡಿಲವಾಗಿದ್ದವು, ನಿಮಗೆ ಕೇಳಿಸಿದ್ದು ನಿಜ ಎಂದು ಅವನು ಆಕೆಗೆ ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.